ಓದುಗರ ಪ್ರಶ್ನೆ: ಕೋವಿಯ ಸದ್ದಿಗೆ ಕಿವಿಗೇನು ಕಾವಲು?

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರವಾಗುತ್ತಿದ್ದಂತೆ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳ ಬ್ಯಾನರ್‌ಗಳು ಏಳುತ್ತವೆ. ಅದರ ಬೆನ್ನಿಗೇ ಈ ಅಂಕಣಕ್ಕೆ ಕಿವಿಯ ಪ್ರಶ್ನೆಗಳೂ ಬಂದಿವೆ. ಐದಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: .22 ರೈಫಲ್ ಮತ್ತು 12 ಬೋರ್ ಕೋವಿ ಎರಡೂ ವಿಭಾಗದಲ್ಲಿ ಸ್ಪರ್ಧಿಸುತ್ತೇನೆ. ಪೆಟ್ಟಿಗೆ ಮೇಲೆ ಎನ್‌ಆರ್‌ಆರ್ (ಸದ್ದು ಎಷ್ಟು ತಗ್ಗುತ್ತದೆ ಎಂಬ ಸಂಖ್ಯೆ) 31 ಎಂದಿದ್ದ, ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್‌ಮಫ್ ತಂದೆ. ಕೆನ್ನೆಯನ್ನು ಕೋವಿಯ ಬಟ್‌ಗೆ (ಹಿಂಬದಿಯ ಹಿಡಿಗೆ) ಊರಿದ ಕೂಡಲೇ ಬಲಗಡೆಯ ಕಪ್ ತಾಗಿ ಮೇಲೇಳುತ್ತದೆ. ತೆಳ್ಳಗಿನ ಮಫ್ ನೋಡಿದರೆ ಅದರ ಸಂಖ್ಯೆ 22 ಅಷ್ಟೇ. ಯಾವುದನ್ನು ಇಟ್ಟುಕೊಳ್ಳಲಿ? ಕನ್ನಡಕವೂ ಇದೆ. (ಓದುಗರು, ವಿರಾಜಪೇಟೆ)

22ರದ್ದನ್ನೇ ತಗೊಳ್ಳಿ, ಒಳಗೆ, ಕಿವಿಯ ನಾಳಕ್ಕೆ, ಫೋಮ್ ಪ್ಲಗ್ ಹಾಕಿಕೊಳ್ಳಿ.

ಮಫ್ ಕೆಲಸ ಮಾಡುವುದು ಅದರ ಕುಷನ್ ಕಿವಿಯ ಸುತ್ತ ಸಂದಿಲ್ಲದೆ ಕೂತಾಗ ಮಾತ್ರ. ಕಪ್ ಒಂದು ಬದಿಯಲ್ಲಿ ಎದ್ದರೆ ಸದ್ದು ಆ ಸಂದಿನಿಂದಲೇ ನುಗ್ಗುತ್ತದೆ, ಆಮೇಲೆ ಪೆಟ್ಟಿಗೆ ಮೇಲೆ 31 ಇದ್ದರೂ ಅಷ್ಟೇ, 20 ಇದ್ದರೂ ಅಷ್ಟೇ. ಸಂಖ್ಯೆ ದೊಡ್ಡದಾದಷ್ಟೂ ಕಪ್ ದಪ್ಪ, ಕಪ್ ದಪ್ಪವಾದಷ್ಟೂ ಬಟ್‌ಗೆ ಬೇಗ ತಾಗುತ್ತದೆ. ಕಾರ್ಖಾನೆಯಲ್ಲಿ ದಿನವಿಡೀ ಯಂತ್ರದ ಮುಂದೆ ನಿಲ್ಲುವವರಿಗೆ ಆ ದಪ್ಪ ಕಪ್ ಹೇಳಿ ಮಾಡಿಸಿದ್ದು. ರೈಫಲ್ ಹಿಡಿಯುವವರಿಗೆ ಕೆಳ ಅಂಚು ಕಿರಿದಾಗಿ ಕೊರೆದ ಕಪ್ ಬೇಕು.

ಸಂಖ್ಯೆಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಎನ್‌ಆರ್‌ಆರ್ ಅಮೆರಿಕದ ಅಳತೆ, ಎಸ್‌ಎನ್‌ಆರ್ ಯುರೋಪಿನದು. ಒಂದೇ ಮಾಲಿಗೆ ಎರಡನೆಯದು ದೊಡ್ಡದಾಗಿ ಕಾಣುತ್ತದೆ: 3ಎಂ ಪೆಲ್ಟರ್ ಎಕ್ಸ್5ಎ ಮಫ್ ಒಂದರಲ್ಲಿ 31, ಇನ್ನೊಂದರಲ್ಲಿ 37. ಅಂಗಡಿಯಲ್ಲಿ ಎರಡು ಪೆಟ್ಟಿಗೆ ಹೋಲಿಸುವಾಗ ಎರಡರಲ್ಲೂ ಒಂದೇ ಅಳತೆ ಇದೆಯೇ ನೋಡಿ. ಇವೆರಡೂ ಪ್ರಯೋಗಾಲಯದಲ್ಲಿ ಒಂದೇ ಸಮನೆ ಬರುವ ಸದ್ದಿನಲ್ಲಿ ಅಳೆದವು, ಗುಂಡಿನ ಸದ್ದಿನಲ್ಲಲ್ಲ. ನಿಜವಾಗಿ ಧರಿಸಿದಾಗ ಸಿಗುವುದು ಕಡಿಮೆ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಯಾಶ್ (NIOSH) ಸಂಸ್ಥೆಯ 1998ರ ಲೆಕ್ಕದಲ್ಲಿ ಮಫ್‌ಗೆ ಕಾಲುಭಾಗ, ಫೋಮ್ ಪ್ಲಗ್‌ಗೆ ಅರ್ಧಭಾಗ ಕಳೆಯಬೇಕು. ಅಂದರೆ 22ರ ಮಫ್ ಸುಮಾರು 16, 29ರ ಪ್ಲಗ್ ಸುಮಾರು 14 ಡೆಸಿಬೆಲ್. ಎರಡನ್ನೂ ಒಟ್ಟಿಗೆ ಹಾಕಿಕೊಂಡರೆ ಕೂಡಿಸುವ ಹಾಗಿಲ್ಲ. ದೊಡ್ಡದರ ಮೇಲೆ 5 ಸೇರಿಸಿ, ಅಷ್ಟೇ. ತಲೆಬುರುಡೆಯ ಮೂಳೆಯ ಮೂಲಕವೂ ಸದ್ದು ಒಳಕಿವಿ ಸೇರುವುದರಿಂದ ಎಷ್ಟು ಮುಚ್ಚಿದರೂ ಒಂದು ಮಿತಿ ಇದ್ದೇ ಇರುತ್ತದೆ.

ನಿಮ್ಮ .22 ರೈಫಲ್‌ನ ಸದ್ದು 140 ಡೆಸಿಬೆಲ್‌ನ ಆಸುಪಾಸು, 12 ಬೋರ್ 150 ದಾಟುತ್ತದೆ. ದೊಡ್ಡವರ ಬರಿಗಿವಿಗೆ ಇಂಥ ಸಿಡಿಸದ್ದಿನ ಗಡಿ ಎಂದು ಹಿಡಿದಿರುವುದೇ 140. ಡೆಸಿಬೆಲ್‌ನಲ್ಲಿ 10 ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಆದ್ದರಿಂದ .22ಕ್ಕೆ ಚೆನ್ನಾಗಿ ಕೂತ ಒಂದೇ ಸಾಧನ ಸಾಕು. 12 ಬೋರ್‌ಗೆ ಎರಡೂ ಬೇಕು, ತಗಡಿನ ಚಾವಣಿಯ ಕೆಳಗೆ ನಿಂತು ಹೊಡೆಯುವಲ್ಲಂತೂ ಬೇಕೇ ಬೇಕು. 12 ಬೋರ್‌ನ ಒದೆತಕ್ಕೆ ಮಫ್ ಪ್ರತಿ ಗುಂಡಿಗೂ ಒಂದಿಷ್ಟು ಜಾರುತ್ತದೆ, ಆಗ ಒಳಗಿನ ಪ್ಲಗ್ಗೇ ಆಸರೆ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಕೋವಿಯಲ್ಲಿ ತೋಟೆ ಇಲ್ಲವೆಂದು ತೆರೆದು ನೋಡಿ, ಇನ್ನೊಬ್ಬರಿಗೂ ತೋರಿಸಿ. ಕನ್ನಡಕ ಹಾಕಿ, ಅದರ ಮೇಲೆ ಮಫ್ ಹಾಕಿ. ಪಕ್ಕದಲ್ಲಿ ಯಾರಾದರೂ ಮಿಕ್ಸಿ ಓಡಿಸಲಿ. ಈಗ ಕೋವಿ ಎತ್ತಿ ಗುರಿ ಹಿಡಿಯುವಂತೆಯೇ ಕೆನ್ನೆ ಊರಿ. ಮಿಕ್ಸಿಯ ಗುರ್ ಎನ್ನುವ ಸದ್ದು ಆ ಕ್ಷಣದಲ್ಲಿ ಚುರುಕಾಗಿ ಕೇಳಿದರೆ ಕಪ್ ಎದ್ದಿದೆ ಎಂದರ್ಥ. ತಲೆಪಟ್ಟಿಯನ್ನು ನೆತ್ತಿಯಿಂದ ಎರಡು ಬೆರಳಿನಷ್ಟು ಮುಂದೆ ಸರಿಸಿ ನೋಡಿ, ಕಪ್ಪಿನ ಕೆಳ ಅಂಚು ಹಿಂದೆ ವಾಲಿ ದವಡೆಯ ಬಳಿ ಜಾಗ ಸಿಗುತ್ತದೆ. ಆಗಲೂ ತಾಗಿದರೆ ಆ ಮಫ್ ನಿಮಗಲ್ಲ. ಕನ್ನಡಕದ ಕಾಲು ಅಗಲವಿದ್ದರೆ ಅಲ್ಲೂ ಕುಷನ್ ಎದ್ದುಕೊಳ್ಳುತ್ತದೆ. ತೆಳುವಾದ ತಂತಿಯ ಕಾಲಿನ ಕನ್ನಡಕ, ಜೆಲ್ ತುಂಬಿದ ಕುಷನ್, ಇವೆರಡು ಸೇರಿದರೆ ಆ ತೊಂದರೆ ಬಹುಪಾಲು ನೀಗುತ್ತದೆ.

ಇನ್ನೊಂದು ಮಾತು. ಬಲಭುಜಕ್ಕೆ ಕೋವಿ ಊರುವವರಿಗೆ ತಾಗುವುದು ಬಲಗಡೆಯ ಕಪ್, ಕೆಡುವುದು ಮಾತ್ರ ಹೆಚ್ಚಾಗಿ ಎಡಗಿವಿ. ತಲೆ ಬಾಗಿಸಿದಾಗ ಎಡಗಿವಿ ನಳಿಗೆಯ ಬಾಯಿಗೆ ಎದುರಾಗುತ್ತದೆ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಬಲಗಡೆಯ ಕಿರಿಕಿರಿಯಲ್ಲಿ ಎಡಗಡೆಯನ್ನು ಮರೆಯಬೇಡಿ.

ಪ್ರಶ್ನೆ: ಮಗಳು ಎನ್‌ಸಿಸಿ ಕೆಡೆಟ್. ಫೈರಿಂಗ್‌ಗೆ ಹೋಗುವಾಗ ಹತ್ತಿ ಇಟ್ಟುಕೊಳ್ಳುತ್ತಿದ್ದಳು. ಈಗ ಫೋಮ್ ಪ್ಲಗ್ ಕೊಡಿಸಿದ್ದೇವೆ, ಎರಡು ನಿಮಿಷಕ್ಕೆ ತಾನಾಗಿ ಹೊರಬರುತ್ತದಂತೆ. ಹತ್ತಿಯೇ ವಾಸಿ ಅನ್ನುತ್ತಾಳೆ. (ಓದುಗರು, ಮೈಸೂರು)

ಹತ್ತಿ ಕಿವಿಯಲ್ಲಿ ನಿಲ್ಲುತ್ತದೆ ನಿಜ, ಸದ್ದನ್ನು ನಿಲ್ಲಿಸುವುದಿಲ್ಲ. ಅದರ ಎಳೆಗಳ ನಡುವೆ ಗಾಳಿ ಸರಾಗವಾಗಿ ಓಡಾಡುತ್ತದೆ.

ಪ್ಲಗ್ ಹೊರಬರುವುದು ಅರ್ಧಕ್ಕೇ ಕೂತದ್ದರಿಂದ. ಕೈ ತೊಳೆದು ಒರೆಸಿಕೊಂಡು, ಪ್ಲಗ್ಗನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯಬೇಕು. ದೀಪಕ್ಕೆ ಹೂಬತ್ತಿ ಹೊಸೆಯುವುದಿಲ್ಲವೇ, ಹಾಗೆ ಮೆಲ್ಲಗೆ, ತೆಳ್ಳಗೆ, ಎಲ್ಲೂ ಮಡಿಕೆ ಬೀಳದಂತೆ. ಮಡಿಕೆ ಬಿದ್ದರೆ ಅದೇ ಸದ್ದು ನುಗ್ಗುವ ಕಾಲುವೆಯಾಗುತ್ತದೆ. ಬಲಗಿವಿಗಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಕಿವಿಯ ನಾಳ ಒಳಗೆ ಡೊಂಕಾಗಿದೆ, ಹೀಗೆ ಎಳೆದರೆ ನೆಟ್ಟಗಾಗುತ್ತದೆ. ಆಗ ಪ್ಲಗ್ ತೂರಿಸಿ, ಬೆರಳ ತುದಿಯಿಂದ 30 ಸೆಕೆಂಡು ಒತ್ತಿ ಹಿಡಿಯಬೇಕು. ಎಲ್ಲರೂ ಎಡವುವುದು ಇಲ್ಲೇ: ಐದು ಸೆಕೆಂಡಿಗೇ ಕೈಬಿಡುತ್ತಾರೆ, ಫೋಮ್ ಉಬ್ಬುತ್ತಾ ತನ್ನನ್ನು ತಾನೇ ಹೊರದೂಡಿಕೊಳ್ಳುತ್ತದೆ.

ಸರಿ ಕೂತಿದೆಯೇ ತಿಳಿಯಲು ಎರಡೂ ಅಂಗೈಗಳಿಂದ ಕಿವಿಗಳನ್ನು ಮುಚ್ಚಿ ತೆಗೆಯಲಿ. ಮುಚ್ಚಿದಾಗ ಸುತ್ತಲ ಸದ್ದು ಇನ್ನೂ ತಗ್ಗಿದರೆ ಪ್ಲಗ್ ಸರಿ ಕೂತಿಲ್ಲ. ಹೆಚ್ಚೇನೂ ವ್ಯತ್ಯಾಸ ಕಾಣದಿದ್ದರೆ ಕೂತಿದೆ. ಕನ್ನಡಿಯಲ್ಲಿ ಎದುರಿನಿಂದ ನೋಡಿದಾಗ ಪ್ಲಗ್ಗಿನ ಬಾಲ ಹೊರಗೆ ಚಾಚಿಕೊಂಡಿರಬಾರದು.

ಇಷ್ಟೆಲ್ಲ ಮಾಡಿದರೂ ನಿಲ್ಲದಿದ್ದರೆ ಅಳತೆ ದೊಡ್ಡದು. ಹುಡುಗಿಯರ ಕಿವಿಯ ನಾಳ ಸಣ್ಣದಿರುವುದು ಸಾಮಾನ್ಯ, ಸ್ಮಾಲ್ ಅಳತೆಯ ಫೋಮ್ ಕೇಳಿ, ಇಲ್ಲವೇ ಮೂರು ಕೊಡೆ ಜೋಡಿಸಿದಂತಿರುವ ಸಿಲಿಕೋನ್ ಪ್ಲಗ್ ನೋಡಿ. ಮಫ್ ಹಾಕುವುದಾದರೆ ಜುಮುಕಿ ತೆಗೆದಿಟ್ಟು, ಕೂದಲನ್ನು ಕುಷನ್‌ನ ಅಡಿಯಿಂದ ಹಿಂದೆ ಸರಿಸಬೇಕು.

ಪ್ರಶ್ನೆ: ರೇಂಜ್‌ನಲ್ಲಿ ಮಫ್ ಹಾಕಿದರೆ ಕಮಾಂಡ್ ಕೇಳಿಸುವುದಿಲ್ಲ. ಎಲೆಕ್ಟ್ರಾನಿಕ್ ಮಫ್ ತಗೊಳ್ಳಬಹುದೇ? ಗೆಳೆಯರೊಬ್ಬರು ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ ಸಾಕು ಅನ್ನುತ್ತಾರೆ. (ಓದುಗರು, ಬೆಂಗಳೂರು)

ಗೆಳೆಯರ ಮಾತು ಕೇಳಬೇಡಿ. ಇಯರ್‌ಬಡ್ ತಗ್ಗಿಸುವುದು ವಿಮಾನದ ಗುಂಯ್‌ಗುಡುವಿಕೆಯಂಥ ಎಡೆಬಿಡದ ಸದ್ದನ್ನು. ಗುಂಡಿನ ಸದ್ದು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ನಮ್ಮ ಮಧ್ಯಕಿವಿಯಲ್ಲೂ ದೊಡ್ಡ ಸದ್ದಿಗೆ ಬಿಗಿದುಕೊಳ್ಳುವ ಪುಟ್ಟ ಸ್ನಾಯುಗಳಿವೆ, ಅವು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಪೆಟ್ಟು ಬಿದ್ದಾಗಿರುತ್ತದೆ.

ಎಲೆಕ್ಟ್ರಾನಿಕ್ ಮಫ್ ಬೇರೆ ಜಾತಿಯದು. ಹೊರಗಿನ ಮೈಕ್ ಮಾತನ್ನು ಒಳಗಿನ ಸ್ಪೀಕರ್‌ಗೆ ಕೊಡುತ್ತದೆ. ಹೊರಗಿನ ಸದ್ದು 82–85 ಡೆಸಿಬೆಲ್ ಮುಟ್ಟಿದ ಕೂಡಲೇ ಸ್ಪೀಕರ್ ತಗ್ಗುತ್ತದೆ. ಕಾಪಾಡುವುದು ಆ ಕಪ್ ಮತ್ತು ಕುಷನ್, ವಿದ್ಯುತ್ತಲ್ಲ. ಬ್ಯಾಟರಿ ಸತ್ತರೂ ಅದು ಮಾಮೂಲಿ ಮಫ್ ಆಗಿ ಉಳಿಯುತ್ತದೆ. ಹವರ್ಡ್ ಲೈಟ್ ಇಂಪ್ಯಾಕ್ಟ್ ಸ್ಪೋರ್ಟ್‌ನಂಥವು ಎರಡು ಎಎಎ ಸೆಲ್‌ನಲ್ಲಿ ಓಡುತ್ತವೆ, ಕಪ್ ತೆಳ್ಳಗಿದೆ, ಎನ್‌ಆರ್‌ಆರ್ 22. ಅದರೊಳಗೆ ಪ್ಲಗ್ ಹಾಕಿ ವಾಲ್ಯೂಮ್ ಏರಿಸಿಕೊಂಡರೆ ಕಮಾಂಡೂ ಕೇಳುತ್ತದೆ, ಎರಡು ಪದರದ ಕಾವಲೂ ಸಿಗುತ್ತದೆ. ದುಡ್ಡು ಕೊಟ್ಟದ್ದು ಸಾರ್ಥಕವಾಗುವ ಬಳಕೆ ಅದೇ.

ಆದರೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮದಂತೆ ನಡೆಯುವ ಪಂದ್ಯದಲ್ಲಿ ಸದ್ದು ಸ್ವೀಕರಿಸುವ ಸಾಧನ ಅಡಗಿರುವ ಮಫ್ ಸ್ಪರ್ಧಿಗಳಿಗೆ ನಿಷಿದ್ಧ, ಸ್ವಿಚ್ ಆರಿಸಿದ್ದೇನೆ ಎಂದರೂ ನಡೆಯುವುದಿಲ್ಲ. ಪಂದ್ಯಕ್ಕೆ ಹೋಗುವವರು ಮಾಮೂಲಿ ಮಫ್ ಅಥವಾ ಪ್ಲಗ್‌ನಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: 10 ಮೀಟರ್ ಏರ್ ರೈಫಲ್‌ಗೂ ಇದೆಲ್ಲ ಬೇಕೇ? ಪ್ಲಗ್ ಹಾಕಿದರೆ ನನ್ನದೇ ಉಸಿರು, ಎದೆಬಡಿತ ಕೇಳಿ ಗಮನ ತಪ್ಪುತ್ತದೆ. (ಓದುಗರು, ಹುಬ್ಬಳ್ಳಿ)

ಕಿವಿ ಕೆಡುವ ಭಯಕ್ಕಲ್ಲ, ಪಕ್ಕದ ಲೇನ್‌ಗಳ ಟಪ್ ಟಪ್ ತಪ್ಪಿಸಲು ಹಾಕುತ್ತಾರೆ. ಉಸಿರು ದೊಡ್ಡದಾಗಿ ಕೇಳುವುದು ಪ್ಲಗ್ ನಾಳದ ಬಾಯಲ್ಲೇ ನಿಂತಾಗ. ಇನ್ನಷ್ಟು ಒಳಗೆ ಕೂರಿಸಿದರೆ ಅದು ಕಡಿಮೆಯಾಗುತ್ತದೆ. ಆಗಲೂ ಕಾಟವಾದರೆ ಹಗುರವಾದ ಮಫ್ ಹಾಕಿ.

ಪ್ರಶ್ನೆ: ಮೊನ್ನೆ ಕಿವಿಗೆ ಏನೂ ಇಲ್ಲದೆ ಜೋಡಿ ನಳಿಗೆಯಿಂದ ನಾಲ್ಕು ತೋಟೆ ಹೊಡೆದೆ. ಎರಡು ದಿನವಾಯಿತು, ಎಡಗಿವಿಯಲ್ಲಿ ಗುಂಯ್ ಎನ್ನುವುದು ನಿಂತಿಲ್ಲ. ಮನೆಯವರು ಬೆಳ್ಳುಳ್ಳಿ ಎಣ್ಣೆ ಬಿಡು ಅನ್ನುತ್ತಿದ್ದಾರೆ. ಹಬ್ಬಕ್ಕೆ ಮೊಮ್ಮಕ್ಕಳೂ ಬರುತ್ತಾರೆ, ಅವರನ್ನು ಎಷ್ಟು ದೂರ ನಿಲ್ಲಿಸಬೇಕು? (ಓದುಗರು, ಮಡಿಕೇರಿ)

ಎಣ್ಣೆ ಬೇಡ. ಇದನ್ನು ಓದಿದ ದಿನವೇ ಇಎನ್‌ಟಿ ವೈದ್ಯರನ್ನು ಕಾಣಿ. ಇಂಥ ಪೆಟ್ಟಿಗೆ ಚಿಕಿತ್ಸೆ ಇದ್ದರೆ ಅದು ಮೊದಲ ಕೆಲವು ದಿನಗಳಲ್ಲೇ. ಕಿವಿಯ ಪರದೆ ಹರಿದಿದ್ದರಂತೂ ಎಣ್ಣೆ ಒಳಗಿಳಿದು ಸೋಂಕು ತರುತ್ತದೆ. ಆಡಿಯೋಗ್ರಾಮ್ (ಕೇಳುವ ಶಕ್ತಿಯನ್ನು ಅಳೆದು ಗೆರೆಯಲ್ಲಿ ತೋರಿಸುವ ಪರೀಕ್ಷೆ) ಮಾಡಿಸಿದಾಗ 4000 ಹರ್ಟ್ಸ್‌ನ ಬಳಿ ಗೆರೆ ಕುಸಿದಿದೆಯೇ ಎಂದು ಕೇಳಿ. ಗುಂಡಿನ ಸದ್ದು ಮೊದಲು ತಿನ್ನುವುದು ಆ ಭಾಗವನ್ನು. ಮಾತು ಕೇಳುತ್ತದೆ ಆದರೆ ಸ, ಶ, ತ, ಥ ಬಿಡಿಯಾಗಿ ತಿಳಿಯುವುದಿಲ್ಲ ಎಂಬ ದೂರು ಶುರುವಾಗುವುದು ಅಲ್ಲಿಂದಲೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ಆಗುತ್ತದೆ.

ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗಡಿ 140 ಅಲ್ಲ, 120. ಬಯಲಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ ಅಷ್ಟೇ. ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿದರೆ ಸಾಕು ಎಂದುಕೊಳ್ಳಬೇಡಿ, ಮಕ್ಕಳ ಅಳತೆಯ ಮಫ್ ಹಾಕಿಸಿ. ಕೈಗೂಸುಗಳನ್ನು ಮನೆಯೊಳಗೇ ಇರಿಸಿ. ನೀವು ತಲೆಗೆ ಮಂಡೆ ತುಣಿ (ಕೊಡವರ ರುಮಾಲು) ಕಟ್ಟುವುದಾದರೆ ಮಫ್‌ನ ಪಟ್ಟಿ ಅದರ ಮೇಲೆ ಕೂರುವುದಿಲ್ಲ, ಪ್ಲಗ್ ಹಾಕಿಕೊಂಡ ಮೇಲೆ ತುಣಿ ಕಟ್ಟಿ.

ಹಳೆಯ ಮಫ್ ಕಪಾಟಿನಲ್ಲಿದ್ದರೆ ಕುಷನ್ ಒತ್ತಿ ನೋಡಿ. ಗಟ್ಟಿಯಾಗಿದ್ದರೆ, ಸುಲಿದಿದ್ದರೆ, ಹೊಸ ಕುಷನ್ ಜೋಡಿ ಬದಲಿಸಿ, ಇಡೀ ಮಫ್ ಬೇಕಾಗಿಲ್ಲ. ಕೊಡಗಿನ ಮಳೆಗಾಲದಲ್ಲಿ ಕಪ್ಪಿನೊಳಗಿನ ಸ್ಪಂಜು ಬೂಸ್ಟು ಹಿಡಿಯುತ್ತದೆ, ಬಿಚ್ಚಿ ಒಣಗಿಸಿ. ಎಲೆಕ್ಟ್ರಾನಿಕ್ ಆದರೆ ಸೆಲ್ ತೆಗೆದಿಡಿ. ಫೋಮ್ ಪ್ಲಗ್ ತೊಳೆಯುವಂಥದ್ದಲ್ಲ: ಗುಗ್ಗೆ ಹತ್ತಿದರೆ, ಹೊಸೆದ ಮೇಲೆ ಮೊದಲಿನ ಆಕಾರಕ್ಕೆ ಬರದಿದ್ದರೆ, ಎಸೆದುಬಿಡಿ.