ಗುಂಡು ಹಾರಿಸಿದ್ದು ಯಾರು ಅಂತ ನಮ್ಮ ಮಕ್ಕಳು ಕೇಳುತ್ತಾರೆ

"ನಿಮ್ಮ ಕಡೆ ಎಲ್ಲಾ ತೆಲುಗು ಅಲ್ವಾ, ಆ ಮಕ್ಕಳಿಗೆ ಕನ್ನಡ ನಾಡಿನ ಸ್ವಾತಂತ್ರ್ಯ ಹೋರಾಟ ಹೇಳಿಕೊಟ್ಟರೆ ಏನು ಪ್ರಯೋಜನ?" ಅಂತ ಕೇಳಿದೆಯಲ್ಲ, ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಿನಗೆ ಹಾಗನ್ನಿಸಬಹುದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಭಾಷೆಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಹೌದು, ಆಂಧ್ರದ ಗಡಿಯ ನಮ್ಮ ಗೌರಿಬಿದನೂರು ಸುತ್ತಮುತ್ತ ತುಂಬಾ ಮನೆಗಳಲ್ಲಿ ತೆಲುಗು. ಬಾಗೇಪಲ್ಲಿ ಕಡೆ ಹೋದರೆ ಇನ್ನೂ ಜಾಸ್ತಿ. ಅಜ್ಜಿ ಬೈಯುವುದು ತೆಲುಗಿನಲ್ಲಿ, ಮೊಮ್ಮಗ ಪರೀಕ್ಷೆ ಬರೆಯುವುದು ಕನ್ನಡದಲ್ಲಿ. ಇದರಲ್ಲಿ ನಮಗೆ ಯಾವ ಕಷ್ಟವೂ ಇಲ್ಲ. ಕೈವಾರದ ಸಂತಕವಿ ತಾತಯ್ಯನವರು ತೆಲುಗಿನಲ್ಲೂ ಹಾಡು ಕಟ್ಟಿದರು, ಕನ್ನಡದಲ್ಲೂ ಕಟ್ಟಿದರು. ಅವರು ಯಾವ ಕಡೆಯವರು ಅಂತ ಇಲ್ಲಿ ಯಾರೂ ವಿಚಾರಿಸುವುದಿಲ್ಲ. ವಿಚಾರಿಸುವವರು ಹೊರಗಿನಿಂದ ಬರುತ್ತಾರೆ. ಒಂದು ಸಲ ಶಾಲೆಯೊಂದಕ್ಕೆ ಬಂದ ಅತಿಥಿ, "ಮೊದಲು ಮನೆಯಲ್ಲಿ ಕನ್ನಡ ಮಾತಾಡಿ, ಆಮೇಲೆ ದೇಶಭಕ್ತಿ" ಅಂತ ಮಕ್ಕಳ ಮುಂದೆಯೇ ಅಂದುಬಿಟ್ಟರು. ಕೂತಿದ್ದ ಹುಡುಗರ ಮುಖ ಸಣ್ಣದಾಯಿತು. ಎಷ್ಟು ಸಿಟ್ಟು ಬಂತು ಅಂತ ಹೇಳಲಾರೆ. ಆ ಶಾಲೆಯಿಂದ ಸ್ವಲ್ಪ ದೂರದಲ್ಲೇ, ವಿದುರಾಶ್ವತ್ಥದಲ್ಲಿ, 1938ರಲ್ಲಿ ಬಾವುಟಕ್ಕಾಗಿ ಗುಂಡೇಟು ತಿಂದು ಸತ್ತವರ ಸ್ಮಾರಕ ಇದೆ. ಮನೆಯಲ್ಲಿ ಯಾವ ಮಾತು ಅಂತ ಕೇಳಿ ಗುಂಡು ಹಾರಿಸಿದ್ದರಾ?

ನಾವು ಮಾಡುವ ಕೆಲಸ ದೊಡ್ಡದೇನಲ್ಲ. ಕೆಲವರು ಮೇಷ್ಟ್ರು, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಇನ್ನು ಒಂದಿಬ್ಬರು ಕಾಲೇಜು ಹುಡುಗಿಯರು. ಹೆಡ್ಮಾಸ್ಟರ ಒಪ್ಪಿಗೆ ತಗೊಂಡು ಶನಿವಾರ ಹೈಸ್ಕೂಲು ಮಕ್ಕಳ ಜೊತೆ ಕೂರುತ್ತೇವೆ. ವರ್ಷಕ್ಕೊಮ್ಮೆ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗುತ್ತೇವೆ. ಸಾಲುಸಾಲು ನಾಗರಕಲ್ಲು ತೋರಿಸುತ್ತೇವೆ, ಸ್ತೂಪ ತೋರಿಸುತ್ತೇವೆ, ವೀರಸೌಧದಲ್ಲಿ ಚಿತ್ರಗಳನ್ನು ನೋಡುತ್ತೇವೆ. ಬಸ್ಸು, ಊಟ, ಮನೆಯವರ ಸಹಿ, ಇವೆಲ್ಲ ಹೇಗೋ ಆಗುತ್ತವೆ.

ಆಗದೇ ಇರುವುದು ಒಂದೇ. ಸ್ತೂಪದ ಮುಂದೆ ನಿಂತಾಗ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: "ಕಾಲ್ಚಿಂದಿ ಎವರು ಸಾರ್?" ಗುಂಡು ಹಾರಿಸಿದ್ದು ಯಾರು?

ಬ್ರಿಟಿಷರು ಅಂದುಬಿಟ್ಟರೆ ಸುಲಭ. ತುಂಬಾ ಜನ ಹಾಗೇ ಅನ್ನುತ್ತಾರೆ. ವಿದುರಾಶ್ವತ್ಥಕ್ಕೆ 'ದಕ್ಷಿಣದ ಜಲಿಯನ್‌ವಾಲಾಬಾಗ್' ಅಂತ ಹೆಸರಿದೆಯಲ್ಲ, ಆಗಸ್ಟ್ 15ಕ್ಕೆ ಬಂದ ಭಾಷಣಕಾರರು ಅದನ್ನೇ ಹೇಳಿ ಹಾರ ಹಾಕಿಸಿಕೊಂಡು ಹೋಗುತ್ತಾರೆ. ಮಕ್ಕಳು 1919ರ ಅಮೃತಸರದ ಪಾಠ ಓದಿರುತ್ತಾರೆ. ಜನರಲ್ ಡಯರ್ ಗೊತ್ತು. ಅವನನ್ನೇ ಇಲ್ಲಿಗೂ ತಂದು ನಿಲ್ಲಿಸುತ್ತಾರೆ. ಆಮೇಲೆ ಬಿಡಿಸಿ ಹೇಳಬೇಕಾದವರು ನಾವು. ಗೌರವದಿಂದ ಇಟ್ಟ ಹೆಸರು, ಬೇಡ ಅನ್ನಲಾಗುವುದಿಲ್ಲ. ಆದರೆ ಅದರಿಂದ ನಮ್ಮ ಕೆಲಸ ಎರಡರಷ್ಟಾಗಿದೆ.

ನಡೆದದ್ದು ಹೀಗೆ. ನೀನು ಬೆಂಗಳೂರಿಗೆ ಬರುವಾಗ ಮದ್ದೂರಿನ ಹತ್ತಿರ ಶಿವಪುರದ ಸತ್ಯಾಗ್ರಹ ಸೌಧ ನೋಡಿರುತ್ತೀಯ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧ ಮೀರಿ ಚರಕದ ಬಾವುಟ ಹಾರಿಸಿದರು. ಜೈಲಿಗೆ ಹೋದರು. ಅದರ ಕಾವು ಊರೂರಿಗೆ ಹರಡಿತು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಅನ್ನುವುದು ಜನರ ಲೆಕ್ಕ, ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ತುಂಬಾ ಕಡಿಮೆ. ಆ ಪೊಲೀಸರು ಮೈಸೂರು ಸಂಸ್ಥಾನದ ಪೊಲೀಸರು. ದಿವಾನರು ಮಿರ್ಜಾ ಇಸ್ಮಾಯಿಲ್. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು.

ಇಲ್ಲಿಗೆ ಬಂದಾಗ ತರಗತಿ ಸುಮ್ಮನಾಗುತ್ತದೆ. ಯಾಕೆಂದರೆ ಹಿಂದಿನ ವಾರವಷ್ಟೇ ನಾವೇ ಕನ್ನಂಬಾಡಿ ಕಟ್ಟೆಯ ಕಥೆ ಹೇಳಿರುತ್ತೇವೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ನಮ್ಮ ಜಿಲ್ಲೆಯವರು ಅಂತ ಎದೆಯುಬ್ಬಿಸಿ ಹೇಳಿರುತ್ತೇವೆ. ಆ ರಾಜರು ಶಾಲೆ ತೆರೆದರು, ಗಾಂಧೀಜಿಯೇ ಅವರನ್ನು ರಾಜರ್ಷಿ ಅಂದರು ಅಂತಲೂ ಹೇಳಿರುತ್ತೇವೆ. "ಮತ್ತೆ ಒಳ್ಳೆ ರಾಜರ ಪೊಲೀಸರು ನಮ್ಮೋರಿಗೆ ಯಾಕೆ ಹೊಡೆದರು?" ಅಂತ ಒಬ್ಬಳು. "ರಾಜರಿಗೆ ಗೊತ್ತೇ ಇರಲಿಲ್ಲ ಬಿಡೇ" ಅಂತ ಇನ್ನೊಬ್ಬ. ಎರಡು ಗುಂಪಾಗಿ ಜಗಳ ಶುರು. ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, ತನ್ನ ತಾತನ ಅಪ್ಪ ಆ ಕಾಲದಲ್ಲಿ ಪೊಲೀಸ್ ಆಗಿದ್ದರು ಅಂದಳು. ಆವತ್ತು ಅವರು ಅಲ್ಲಿದ್ದರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಯಾರೂ ಏನೂ ಅನ್ನದ ಹಾಗೆ ನೋಡಿಕೊಳ್ಳುವುದೇ ಆ ದಿನದ ಪಾಠವಾಯಿತು.

ನಮ್ಮಲ್ಲೇ ಒಬ್ಬರು, ರಾಜರ ಹೆಸರು ಎತ್ತುವುದೇ ಬೇಡ, 'ಆಗಿನ ಸರ್ಕಾರ' ಅಂದರೆ ಸಾಕು ಅನ್ನುತ್ತಾರೆ. ನೀನೂ ಅದನ್ನೇ ಅನ್ನಬಹುದು. ನಾನು ಒಪ್ಪುವುದಿಲ್ಲ. ಹದಿನಾಲ್ಕು ವರ್ಷದ ಮಗುವಿಗೆ ಒಳ್ಳೆಯ ಕೆಲಸ ಮಾಡಿದ ಆಡಳಿತವೂ ತಪ್ಪು ಮಾಡುತ್ತದೆ ಅನ್ನುವುದು ಚೆನ್ನಾಗಿ ಅರ್ಥವಾಗುತ್ತದೆ. ಕನ್ನಂಬಾಡಿಯೂ ನಿಜ, ವಿದುರಾಶ್ವತ್ಥವೂ ನಿಜ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ಮಕ್ಕಳು ನಮ್ಮನ್ನು ನಂಬುವುದು ಬಿಡುತ್ತಾರೆ.

ಇದನ್ನು ಬಿಡಿಸಿ ಹೇಳಲು ನೆರವಿಗೆ ಬರುವುದು ನೀನು ಅಡ್ಡಿ ಅಂದುಕೊಂಡಿರುವ ಈ ಗಡಿಯೇ. ಬೋರ್ಡಿನ ಮೇಲೆ ನಕ್ಷೆ ಬರೆಯುತ್ತೇವೆ. ಇತ್ತ ಗೌರಿಬಿದನೂರು, ಮೈಸೂರು ಸಂಸ್ಥಾನ. ಅತ್ತ ಹಿಂದೂಪುರ, ನೇರವಾಗಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಈ ಮಕ್ಕಳಿಗೆ ಹಿಂದೂಪುರ ಅಂದರೆ ಬಟ್ಟೆ ತರುವ ಊರು, ಅತ್ತೆಯ ಮನೆ, ಮದುವೆಯ ಛತ್ರ. 1938ರಲ್ಲಿ ಮದ್ರಾಸಿನಲ್ಲಿ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲವೇ ಇತ್ತು. ಅತ್ತ ಯಾವ ಪಕ್ಷ ಸರ್ಕಾರ ನಡೆಸುತ್ತಿತ್ತೋ ಇತ್ತ ಅದೇ ಪಕ್ಷದ ಬಾವುಟ ಎತ್ತಿದ್ದಕ್ಕೆ ಗುಂಡು. ಇಷ್ಟು ಹೇಳಿದರೆ ಸಾಕು, ಸಂಸ್ಥಾನ ಅಂದರೇನು, ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಕೊಡುವ ಸರ್ಕಾರ, ಬೇಕು ಅಂತ ಜನ ಯಾಕೆ ಹಟ ಹಿಡಿದರು, ಎರಡೂ ಹೊಳೆಯುತ್ತದೆ. ದೂರದ ಊರಿನ ಮಗುವಿಗೆ ಇದನ್ನು ಬಾಯಿಪಾಠ ಮಾಡಿಸಬೇಕು. ನಮ್ಮ ಮಗು ಆ ಗೆರೆಯನ್ನು ಬಸ್ಸಿನಲ್ಲಿ ದಾಟಿ ಬಂದಿರುತ್ತದೆ.

ಮುಂದಿನದನ್ನೂ ಬಿಡುವುದಿಲ್ಲ. ಗುಂಡೇಟಿನ ಸುದ್ದಿ ದೇಶವೆಲ್ಲ ಹಬ್ಬಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದರು. ಮಿರ್ಜಾ ಅವರ ಜೊತೆ ಮಾತುಕತೆಯಾಗಿ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು. ಆದರೆ ಜವಾಬ್ದಾರಿ ಸರ್ಕಾರ ಬರಲಿಲ್ಲ. 1947ರ ಆಗಸ್ಟ್ 15 ಕಳೆದ ಮೇಲೂ ಇಲ್ಲಿನ ಜನ 'ಮೈಸೂರು ಚಲೋ' ಮಾಡಬೇಕಾಯಿತು. ಅಕ್ಟೋಬರ್‌ನಲ್ಲಿ ಮೊದಲ ಮುಖ್ಯಮಂತ್ರಿಯಾದವರು ಕೆ.ಸಿ. ರೆಡ್ಡಿ, ಕೋಲಾರ ಸೀಮೆಯ ಕ್ಯಾಸಂಬಳ್ಳಿಯವರು. ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು, ಕ್ವಿಟ್ ಇಂಡಿಯಾದಲ್ಲಿ ಜೈಲು ಕಂಡವರು. ಗಡಿಯ ಈ ಒಣಭೂಮಿಯಲ್ಲಿ ಏನಿದೆ ಅಂತ ಕೇಳುವವರಿಗೆ ನಮ್ಮ ಮಕ್ಕಳು ಈ ಹೆಸರುಗಳನ್ನು ಪಟಪಟ ಅಂತ ಹೇಳುತ್ತಾರೆ.

ಈಗ ನಾನೊಂದು ಕೇಳುತ್ತೇನೆ. ನಿಮ್ಮ ಮೈಸೂರಿನ ಶಾಲೆಗಳಲ್ಲಿ ವಿದುರಾಶ್ವತ್ಥದ ಬಗ್ಗೆ ಎಷ್ಟು ಹೇಳುತ್ತಾರೆ? ಗುಂಡು ಹಾರಿಸಿದವರು ಯಾರು ಅಂತ ಅಲ್ಲಿನ ಮಕ್ಕಳು ಕೇಳುತ್ತಾರಾ? ನಿನ್ನ ಮಗಳ ಶಾಲೆಯಲ್ಲಿ ಒಂದು ಶನಿವಾರ ಬಿಡುವು ಮಾಡಿಸು. ನಾವು ನಮ್ಮ ಹತ್ತನೇ ತರಗತಿಯ ಮಕ್ಕಳನ್ನು ಕರೆತರುತ್ತೇವೆ. ಪಾಠ ಅವರೇ ಮಾಡುತ್ತಾರೆ, ಕನ್ನಡದಲ್ಲಿ.