ಬಿಟ್ಟು ಬಂದ ಊರಲ್ಲಿ ಹಳೇ ಬ್ಯಾಂಡ್ ಜೊತೆ ಮತ್ತೆ ನುಡಿಸೋಕೆ ಹೋಗಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಹತ್ತು ವರ್ಷದ ಹಿಂದೆ ಊರು ಬಿಟ್ಟಿದ್ದೀರಿ, ಹಳೇ ಬ್ಯಾಂಡಿನವರು ಎರಡು ರಾತ್ರಿಯ ರೀಯೂನಿಯನ್ ಶೋಗೆ ಕರೆದಿದ್ದಾರೆ, ತಾಲೀಮಿಗೆ ಸಿಗೋದು ಮೂರೇ ದಿನ. ಹೋಗಬೇಕಾ? ಹೋದರೆ ತಯಾರಿ ಹೇಗೆ?

ಹೋಗಿ. ನಾನು ಹದಿನಾಲ್ಕು ವರ್ಷ ಬಿಟ್ಟು ಹೋಗಿದ್ದೆ, ಲೀಡ್ ಗಿಟಾರ್ ನನ್ನದು. ಮೊದಲ ರಾತ್ರಿ ಸಪ್ಪೆಯಾಯ್ತು, ಎರಡನೇ ರಾತ್ರಿ ಕಳೆಗಟ್ಟಿತು. ಆ ಎರಡರ ನಡುವೆ ನನಗೆ ಏನು ಗೊತ್ತಾಯ್ತು ಅನ್ನೋದೇ ನಿಮಗೆ ಉಪಯೋಗಕ್ಕೆ ಬರಬಹುದು.

ತಯಾರಿ ನಾನು ಕಡಿಮೆಯೇನೂ ಮಾಡಿರಲಿಲ್ಲ. ನಮ್ಮ ಹಳೇ ಶೋದ ಒಂದು ಕ್ಯಾಸೆಟ್ ಇತ್ತು. ಅದನ್ನೇ ಹಾಕಿಕೊಂಡು ಮೂರು ವಾರ ಕೂತು, ಒಂದು ಸ್ವರವೂ ಬಿಡದೆ ಕೈಗೆ ಕೂರಿಸಿಕೊಂಡಿದ್ದೆ. ಮೊದಲ ತಾಲೀಮಿನಲ್ಲಿ ಗೊತ್ತಾಯ್ತು, ಎಲ್ಲರಿಗಿಂತ ನಾನೇ ಮುಂದೆ ಓಡ್ತಿದ್ದೀನಿ ಅಂತ. ಡ್ರಮ್ಮರ್ ಎರಡು ಸಲ ನಿಲ್ಲಿಸಿ ನನ್ನ ಮುಖ ನೋಡಿದ. ತಪ್ಪು ಕ್ಯಾಸೆಟ್ಟಿನದು. ಟೇಪ್ ಶೇಕಡಾ 6ರಷ್ಟು ವೇಗವಾಗಿ ಓಡಿದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಏರುತ್ತೆ, ಜೊತೆಗೆ ನಿಮಿಷಕ್ಕೆ 120 ಬೀಟ್ ಇದ್ದ ಹಾಡು 127 ಆಗುತ್ತೆ. ಶ್ರುತಿ ಏರಿದ್ದು ಟ್ಯೂನರಿನಲ್ಲಿ ಕಾಣುತ್ತೆ, ಸರಿ ಮಾಡ್ಕೋತೀವಿ. ವೇಗ ಏರಿದ್ದು ಮಾತ್ರ ಸದ್ದಿಲ್ಲದೆ ಬೆರಳಿಗೆ ಇಳಿದುಬಿಡುತ್ತೆ. ಹಾಗಾಗಿ ಹಳೇ ಟೇಪ್ ನಂಬಬೇಡಿ. ಅವರು ಈಗ ನುಡಿಸ್ತಿರೋ ರೆಕಾರ್ಡಿಂಗ್ ಕೇಳಿ ತರಿಸ್ಕೊಳ್ಳಿ, ಫೋನಲ್ಲಿ ಹಿಡಿದದ್ದಾದರೂ ಪರವಾಗಿಲ್ಲ.

ಹಾಗೇ ಯಾವ ಯಾವ ಹಾಡು ಈಗ ಯಾವ ಸ್ಕೇಲಲ್ಲಿ ಇದೆ ಅಂತ ಕೇಳಿ. ನಮ್ಮ ಗಾಯಕ ಯಾವಾಗಲೋ ಎಲ್ಲವನ್ನೂ ಒಂದು ಪೂರ್ತಿ ಸ್ವರ ಇಳಿಸಿದ್ದ. ವಯಸ್ಸಾದ ಮೇಲೆ ಇಳಿಸದವರು ಅಪರೂಪ, ಅದರಲ್ಲಿ ನಾಚಿಕೆಯೇನಿಲ್ಲ. ಕೀಬೋರ್ಡಿನವನಿಗೆ ಒಂದು ಬಟನ್ ಒತ್ತಿದರೆ ಆಯ್ತು. ನನ್ನ ಸೋಲೋದಲ್ಲಿ ಅರ್ಧಕ್ಕರ್ಧ ಬೆರಳೊತ್ತದೆ ಖಾಲಿ ತಂತಿ ಮೀಟೋದೇ ಇದ್ದಿದ್ದರಿಂದ ಬೇರೆ ಜಾಗದಲ್ಲಿ ಅದು ಬರಲೇ ಇಲ್ಲ. ಕೊನೆಗೆ ಗಿಟಾರನ್ನೇ ಇಳಿಸಿದೆ, ತಂತಿ ಸಡಿಲಾಗಿ ಫ್ರೆಟ್ಟಿಗೆ (ಗಿಟಾರ್ ಕತ್ತಿನ ಲೋಹದ ಪಟ್ಟಿಗೆ) ಬಡಿಯೋಕೆ ಶುರುವಾಯ್ತು. ಮುಂಚೆ ಗೊತ್ತಿದ್ದರೆ ಒಂದು ಸೈಜು ದಪ್ಪದ ತಂತಿ ಹಾಕಿಕೊಂಡು ಹೋಗ್ತಿದ್ದೆ. (ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಟೋನಿ ಐಯೋಮಿ 17ನೇ ವಯಸ್ಸಲ್ಲಿ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳ್ಕೊಂಡವರು. ಎಡಗೈ ಗಿಟಾರಿಸ್ಟ್ ಆದ್ದರಿಂದ ತಂತಿ ಒತ್ತೋದು ಅದೇ ಕೈ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡ್ಕೊಂಡರು, ಆಮೇಲೆ ತಂತಿಯನ್ನೂ ಸಡಿಲಿಸಿದರು. ನಾನು ಒದ್ದಾಡಿದ ಸಡಿಲ ತಂತಿಯಿಂದಲೇ ಅವರ ಆ ಭಾರೀ ನಾದ ಹುಟ್ಟಿದ್ದು!)

ಇವೆಲ್ಲ ಸಣ್ಣವು. ದೊಡ್ಡದು ಬೇರೆ ಇತ್ತು: ನಾನು ಬಿಟ್ಟ ಮೇಲೆ ನನ್ನ ಜಾಗಕ್ಕೆ ಬಂದ ಹುಡುಗ.

ಹನ್ನೆರಡು ವರ್ಷ ಅವನೇ ನುಡಿಸಿದ್ದಾನೆ. ರೀಯೂನಿಯನ್ ಅಂದ ತಕ್ಷಣ ಎಲ್ಲರೂ ಸೇರಿ ಅವನನ್ನ ಆ ಎರಡು ರಾತ್ರಿ ಪಕ್ಕಕ್ಕೆ ಕೂರಿಸಿದ್ದರು. ಅವನೂ ತುಟಿ ಬಿಚ್ಚಿರಲಿಲ್ಲ, ನನ್ನ ಕೇಬಲ್ ಸುತ್ತಿ ಕೊಡ್ತಿದ್ದ. ನನಗಾದರೂ ಹೊಳೀಬೇಕಿತ್ತು. ಮೊದಲ ರಾತ್ರಿ ಜನ ಕಾಯ್ತಿದ್ದ ಸೋಲೋ ಬಂತು. ನಾನೇ ಕಟ್ಟಿದ್ದು, ನಾನು ಕಟ್ಟಿದ ಹಾಗೇ ನುಡಿಸಿದೆ. ಮುಂದಿನ ಸಾಲಿನವರು ಜೊತೆಗೆ ಗುನುಗ್ತಿದ್ದರು, ನಾಲ್ಕನೇ ಸುತ್ತಿಗೆ ಬಂದಾಗ ಅವರೊಂದು ಕಡೆ, ನಾನೊಂದು ಕಡೆ. ನಾಲ್ಕು ಸ್ವರ ಪಟಪಟ ಬರೋ ಜಾಗದಲ್ಲಿ ಆ ಹುಡುಗ ಒಂದೇ ತಂತಿ ಎಳೆದು ಜೀಕಿಸ್ತಿದ್ದನಂತೆ, ಊರಿನವರ ಕಿವಿಯಲ್ಲಿ ಕೂತಿದ್ದು ಅದೇ. ಅವರ ಲೆಕ್ಕದಲ್ಲಿ ತಪ್ಪು ನುಡಿಸಿದವನು ನಾನು. ಹಾಡು ಕಟ್ಟಿದವನು ಊರು ಬಿಟ್ಟಿದ್ದ, ಹಾಡು ಅಲ್ಲೇ ಉಳಿದು ಬೆಳೆದಿತ್ತು. ಗುನುಗು ನಿಂತು ನಾನೊಬ್ಬನೇ ಉಳಿದ ಆ ಏಳೆಂಟು ಸೆಕೆಂಡು ಈಗ ನೆನೆಸ್ಕೊಂಡರೂ ಕಿವಿ ಬಿಸಿಯಾಗುತ್ತೆ.

ನಿಮ್ಮ ಜಾಗದಲ್ಲಿ ಈಗ ಯಾರಿದ್ದಾರೆ? ನೀವು ಅದನ್ನ ಬರೆದಿಲ್ಲ. ಇದ್ದರೆ ಬ್ಯಾಂಡಿಗಿಂತ ಮೊದಲು ಅವರಿಗೆ ಫೋನ್ ಮಾಡಿ. ಯಾವ ಹಾಡಲ್ಲಿ ಯಾರು ಮುಂದೆ ನಿಲ್ಲೋದು ಅಂತ ಅವರ ಜೊತೆಗೇ ತೀರ್ಮಾನ ಮಾಡ್ಕೊಳ್ಳಿ.

ಹಾಡಿನ ರೂಪ ಯಾರದ್ದಿರಬೇಕು ಅನ್ನೋ ಜಗಳ ದೊಡ್ಡವರನ್ನೂ ಬಿಟ್ಟಿಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಒಟ್ಟಿಗೆ ಬೆಳೆದ ಜೋಡಿ ಗಾಯಕರಾದ ಪಾಲ್ ಸೈಮನ್, ಆರ್ಟ್ ಗಾರ್ಫಂಕಲ್ 1981ರ ಸೆಪ್ಟೆಂಬರ್ 19ರಂದು ಅದೇ ನಗರದ ಸೆಂಟ್ರಲ್ ಪಾರ್ಕಿನಲ್ಲಿ ಮತ್ತೆ ಜೊತೆಯಾಗಿ ಹಾಡಿದರು. ಗಾರ್ಫಂಕಲ್‌ಗೆ ಹಳೇ ಥರ ಎರಡು ಕಂಠ, ಒಂದು ಗಿಟಾರ್ ಸಾಕಿತ್ತು, ಸೈಮನ್‌ಗೆ ಪೂರ್ತಿ ಬ್ಯಾಂಡ್ ಬೇಕಿತ್ತು. ಕೊನೆಗೆ ವೇದಿಕೆ ಹತ್ತಿದ್ದು ಬ್ಯಾಂಡೇ. ಇಂಥದ್ದನ್ನ ತಾಲೀಮಿನ ಮೊದಲ ಗಂಟೆಯಲ್ಲೇ ಮುಗಿಸ್ಕೊಳ್ಳಿ. ದುಡ್ಡಿನ ಹಂಚಿಕೆಯನ್ನ ಅದಕ್ಕೂ ಮುಂಚೆ, ಮೆಸೇಜಿನಲ್ಲಿ, ಬರಹದಲ್ಲಿ.

ಮೂರು ದಿನ ಸಾಕಾ ಅಂದರೆ, ಹಾಡು ಕಡಿಮೆ ಇಟ್ಟುಕೊಂಡರೆ ಸಾಕು. 2025ರ ಜುಲೈ 5ರಂದು ಬ್ಲ್ಯಾಕ್ ಸಬ್ಬತ್‌ನ ಮೂಲ ನಾಲ್ವರು ತಾವು ಬೆಳೆದ ಬರ್ಮಿಂಗ್‌ಹ್ಯಾಮಿನ ಆಸ್ಟನ್‌ನಲ್ಲೇ, ವಿಲ್ಲಾ ಪಾರ್ಕ್ ಮೈದಾನದಲ್ಲಿ ಸೇರಿದರು. ದಿನವಿಡೀ ಬೇರೆ ಬೇರೆ ಬ್ಯಾಂಡ್‌ಗಳು ನುಡಿಸಿದವು, ಇವರು ಒಟ್ಟಿಗೆ ನುಡಿಸಿದ್ದು ನಾಲ್ಕೇ ಹಾಡು. ಗಾಯಕ ಆಝಿ ಆಸ್ಬೋರ್ನ್‌ಗೆ ಪಾರ್ಕಿನ್ಸನ್ ಕಾಯಿಲೆ ಇತ್ತು, ಕೂತೇ ಹಾಡಿದರು. ಅದಾಗಿ ಹದಿನೇಳನೇ ದಿನ ತೀರಿಕೊಂಡರು. ನಾಲ್ಕೇ ಹಾಡಾಯ್ತು ಅಂತ ಯಾರೂ ಗೊಣಗಿದ್ದು ನಾ ಕಾಣೆ. ನಾವು ಹದಿನೆಂಟು ಇಟ್ಟುಕೊಂಡಿದ್ದೆವು, ದುರಾಸೆ. ಎರಡನೇ ರಾತ್ರಿಗೆ ಏಳು ತೆಗೆದುಹಾಕಿದೆವು.

ಆ ರಾತ್ರಿ ಸೋಲೋ ಆ ಹುಡುಗನಿಗೇ ಬಿಟ್ಟೆ. ನಾನು ಕೆಳಗೆ ಕಾರ್ಡ್ಸ್ (ಹಲವು ಸ್ವರ ಒಟ್ಟಿಗೆ ಮೀಟೋದು) ಹಿಡಿದೆ, ಕೊನೆಯ ಸುತ್ತಿಗೆ ಮಾತ್ರ ಮೇಲಿನಿಂದ ಜೊತೆ ಸೇರಿದೆ. ನಾಲ್ಕನೇ ಸುತ್ತಲ್ಲಿ ಅವನು ತಂತಿ ಎಳೆದಾಗ ಇಡೀ ಹಾಲ್ ಅದೇ ಸ್ವರಕ್ಕೆ ಬಾಯಿ ಹಾಕಿತು.

ಶೋ ಮುಗಿದು ಪೆಟ್ಟಿಗೆ ಮುಚ್ಚುವಾಗ ಹತ್ತಿರ ಬಂದು ಕೇಳಿದ, "ಅಣ್ಣಾ, ಆ ನಾಲ್ಕು ಸ್ವರ ಅಷ್ಟು ಸ್ಪೀಡಾಗಿ ಹೇಗೆ ನುಡಿಸ್ತಿದ್ರಿ? ಕ್ಯಾಸೆಟ್ ಹಾಕ್ಕೊಂಡು ಆರು ತಿಂಗಳು ಒದ್ದಾಡಿದೆ, ಕೈಗೆ ಹತ್ತಲೇ ಇಲ್ಲ. ಅದಕ್ಕೇ ಆ ಜಾಗದಲ್ಲಿ ತಂತಿ ಎಳೆದುಬಿಟ್ಟೆ."

ಅದೇ ಕ್ಯಾಸೆಟ್. ಅದು ವೇಗವಾಗಿ ಓಡುತ್ತೆ ಕಣೋ ಅಂದೆ. ಗಿಟಾರ್ ಪೆಟ್ಟಿಗೆ ಮೇಲೆ ಕೂತು ನಗೋಕೆ ಶುರು ಮಾಡಿದ.