ದೊಡ್ಡ ಬ್ರ್ಯಾಂಡ್‌ಗಳ ಮಧ್ಯೆ ಸಣ್ಣ ಬಿಸಿನೆಸ್ ಹೇಗೆ ಬೆಳೆಯತ್ತೆ?

ಪ್ರಶ್ನೆ: ಸರ್, ನಾನು ನನ್ನ ತಂಗಿ ಸೇರಿ ರೆಡಿಮೇಡ್ ಬಟ್ಟೆ ಹೊಲಿಯೋ ಸಣ್ಣ ಯೂನಿಟ್ ಶುರು ಮಾಡ್ಬೇಕು ಅಂತಿದೀವಿ. ಮನೇಲಿ ಎಲ್ರೂ ‘ಈಗ ಎಲ್ಲಾ ಆನ್‌ಲೈನ್, ದೊಡ್ಡೋರ ಮುಂದೆ ನಿಮ್ದು ನಡಿಯಲ್ಲ’ ಅಂತಾರೆ. ಆದ್ರೆ ಎಷ್ಟೋ ಸಣ್ಣೋರು ಚೆನ್ನಾಗೇ ಬೆಳೀತಿದಾರಲ್ಲ, ಹೇಗೆ?

ಉತ್ತರ: ನೀವು ಗಮನಿಸಿದ್ದು ಸರಿಯಾಗೇ ಇದೆ. ವರ್ಲ್ಡ್ ಬ್ಯಾಂಕ್ ಲೆಕ್ಕದ ಪ್ರಕಾರ ಪ್ರಪಂಚದ ಬಿಸಿನೆಸ್‌ಗಳಲ್ಲಿ ಸುಮಾರು 90 ಪರ್ಸೆಂಟ್ ಸಣ್ಣ, ಮಧ್ಯಮ ಗಾತ್ರದವೇ, ಅರ್ಧಕ್ಕಿಂತ ಹೆಚ್ಚು ಉದ್ಯೋಗ ಸಿಗ್ತಿರೋದೂ ಅಲ್ಲೇ.

ನನ್ನ ಕೇಳಿದ್ರೆ ದೊಡ್ಡ ಕಾರಣ ಒಂದೇ, ಸಣ್ಣ ಬಿಸಿನೆಸ್‌ನಲ್ಲಿ ಗಿರಾಕಿ ಮಾತು ಕೇಳಿಸ್ಕೊಳ್ಳೋರೂ ತೀರ್ಮಾನ ಮಾಡೋರೂ ಒಬ್ರೇ. ಈಗ ನಿಮ್ಮ ಹತ್ರ ಬಂದೋರು ‘ಇದಕ್ಕೊಂದು ಜೇಬು ಇದ್ದಿದ್ರೆ, ಫೋನ್ ಹಿಡಿಸೋ ಅಷ್ಟು’ ಅಂದ್ರು ಅಂದ್ಕೊಳ್ಳಿ, ಅವತ್ತು ಸಂಜೇನೇ ಎರಡು ಪೀಸ್‌ಗೆ ಜೇಬಿಟ್ಟು ಹೊಲ್ದು ನೋಡ್ತೀರಿ, ಹೋದ್ರೆ ಇನ್ನೊಂದಷ್ಟು ಕಟಿಂಗ್ ಹಾಕ್ತೀರಿ, ಹೋಗ್ಲಿಲ್ಲ ಅಂದ್ರೆ ಲಾಸ್ ಆಗೋದು ಎರಡೇ ಪೀಸು. ಅದೇ ಮಾತು ದೊಡ್ಡ ಕಂಪನೀಲಿ ಸೇಲ್ಸ್‌ನೋರಿಂದ ಮ್ಯಾನೇಜರ್‌ಗೆ, ಅಲ್ಲಿಂದ ಡಿಸೈನ್‌ನೋರಿಗೆ ಹೋಗೋ ಹೊತ್ತಿಗೆ ಸೀಸನ್ನಿನ ಆರ್ಡರ್ ಫ್ಯಾಕ್ಟರಿಗೆ ಹೋಗಿ ತಿಂಗಳುಗಳೇ ಆಗಿರತ್ತೆ.

ದೊಡ್ಡೋರಿಗೆ ಬದಲಾವಣೆ ಗೊತ್ತಾಗಲ್ಲ ಅಂತಲ್ಲ. ಕ್ಯಾಮೆರಾಗೆ ಹಾಕೋ ಫಿಲ್ಮ್ ರೋಲ್ ಮಾರ್ತಿದ್ದ ಕೊಡಾಕ್ ಕಂಪನಿಯ ಇಂಜಿನಿಯರೇ 1975ರಲ್ಲಿ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ರು, ಆದ್ರೆ ಲಾಭ ಎಲ್ಲ ಫಿಲ್ಮ್‌ನಿಂದ ಬರ್ತಿತ್ತು, ಅದನ್ನ ಬಿಟ್ಟು ಬರೋಕೆ ತಡ ಮಾಡಿದ್ರು, 2012ರಲ್ಲಿ ದಿವಾಳಿ ಅರ್ಜಿ ಹಾಕೋ ಸ್ಥಿತಿ ಬಂತು. ಬಿಡೋಕೆ ಅಷ್ಟು ದೊಡ್ಡ ಗಂಟು ಸಣ್ಣೋರ ಹತ್ರ ಇರಲ್ಲ, ಹಾಗಾಗಿ ದಾರಿ ಬದಲಿಸೋದು ಸುಲಭ.

ಇನ್ನೊಂದು, ಮುಂಚೆ ಎಲ್ಲಾನೂ ಸ್ವಂತ ಇಟ್ಕೋಬೇಕಿತ್ತು. ರೊನಾಲ್ಡ್ ಕೋಸ್ ಅನ್ನೋ ಅರ್ಥಶಾಸ್ತ್ರಜ್ಞ 1937ರಲ್ಲೇ ಹೇಳಿದ್ದು, ಹೊರಗಡೆಯಿಂದ ಕೆಲಸ ಮಾಡಿಸ್ಕೊಳ್ಳೋ ತಾಪತ್ರಯ, ಖರ್ಚು ಜಾಸ್ತಿ ಇರೋದಕ್ಕೇ ಕಂಪನಿಗಳು ಎಲ್ಲಾನೂ ಒಳಗೇ ಇಟ್ಕೊಳ್ತಾವೆ ಅಂತ. ಈಗ ಆ ಖರ್ಚೇ ಇಳಿದಿದೆ. ಅಕೌಂಟ್ಸು, ಡೆಲಿವರಿ, ಪೇಮೆಂಟು, ವೆಬ್‌ಸೈಟು, ಬೇಕಾದಷ್ಟೇ ಬಾಡಿಗೆಗೆ ಸಿಗತ್ತೆ.

ಆದ್ರೆ ಒಂದು ಮಾತು ಮುಚ್ಚಿಡಲ್ಲ, ಅಮೆರಿಕದ ಸರ್ಕಾರಿ ಅಂಕಿಅಂಶ ನೋಡಿದ್ರೆ ಹೊಸ ಬಿಸಿನೆಸ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು 5 ವರ್ಷದೊಳಗೇ ಮುಚ್ತವೆ. ಮಾಲು ಚೆನ್ನಾಗಿದ್ದೂ ಕೈಲಿ ಕ್ಯಾಶ್ ಇಲ್ದೆ ಸೋತೋರು ಬೇಕಾದಷ್ಟು ಜನ, ಬಟ್ಟೆ ಕೊಟ್ಟಾಗಿರತ್ತೆ, ದುಡ್ಡು ಬಂದಿರಲ್ಲ, ಬಾಡಿಗೆ ಮಾತ್ರ ತಾರೀಖಿಗೆ ಸರಿಯಾಗಿ ಬಂದು ನಿಂತಿರತ್ತೆ. ಅದಕ್ಕೇ ಮೊದಲೇ ಸಾಲ ಮಾಡಿ ಹತ್ತು ಮಷೀನ್ ಹಾಕ್ಬೇಡಿ, ಓವರ್‌ಲಾಕ್ ಕೆಲಸ, ಅಂದ್ರೆ ಬಟ್ಟೆ ಅಂಚಿನ ನೂಲು ಬಿಚ್ಚದ ಹಾಗೆ ಹೊಲಿಯೋದು, ಹೊರಗಡೆ ಕೊಟ್ಟು ಮಾಡಿಸಿ, ಆರ್ಡರ್ ಜೊತೆಗೇ ಅಡ್ವಾನ್ಸ್ ಕೇಳೋಕೆ ಸಂಕೋಚ ಪಡ್ಬೇಡಿ. ಮತ್ತೆ ನೀವಿಬ್ರಲ್ಲಿ ಲೆಕ್ಕ ಯಾರು ಬರೀತೀರಿ ಅಂತ ಶುರು ಮಾಡೋ ಮುಂಚೇನೇ ಮಾತಾಡ್ಕೊಳ್ಳಿ.